ನೀಲವ್ವ ಚಾಚಿದ ಎಡ ಅಂಗೈ

ಕೋವಿಡ್ ಮುಗಿದ ಮರುವರ್ಷ ನಾನು ಬೈಲಹೊಂಗಲದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಹಿರಿಯ ನರ್ಸ್ ಆಗಿದ್ದೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದ್ದವರಿಗೆ ಸ್ನಾನ ಮಾಡಿಸುವುದು ನಮ್ಮ ಕೆಲಸದಲ್ಲೇ ಕಷ್ಟದ್ದು. ಇಂಜೆಕ್ಷನ್ ಕೊಡುವುದನ್ನು ಯಾರಾದರೂ ಕಲಿತಾರು. ಹೆದರಿದ ಮುದುಕಿಯ ಸೀರೆ ಬಿಚ್ಚುವುದಕ್ಕೆ ಗಟ್ಟಿ ಎದೆ ಬೇಕು.

ಸುರೇಬಾನದ ನೀಲವ್ವ ಬಂದು ವಾರವಾಗುವಷ್ಟರಲ್ಲಿ ನಮ್ಮನ್ನೆಲ್ಲ ಸುಸ್ತು ಮಾಡಿದ್ದರು. ಬಾತ್‌ರೂಮಿನಲ್ಲಿ ಕೂರಿಸಿದರೆ ಎಡ ಅಂಗೈಯನ್ನು ಎದೆಯ ಮುಂದೆ ಚಾಚಿ ಕಾಯುತ್ತಿದ್ದರು. ಮೈ ಮುಟ್ಟಿದರೆ ಕಿರುಚಾಟ, ಚಿವುಟಾಟ. ಮೊದಲು ಕಾಲಿಗೆ ನೀರು ಹಾಕಿದೆ, ಟವೆಲ್ ಹೊದಿಸಿದೆ, ಹೇಳಿ ಹೇಳಿ ಮುಟ್ಟಿದೆ. ಕಲಿತ ವಿದ್ಯೆಯೆಲ್ಲ ಖರ್ಚಾಯಿತು. ಸಹಾಯಕಿ ಕಸ್ತೂರಿ ಆ ಅಂಗೈಯಲ್ಲಿ ಸೋಪು ಇಟ್ಟಳು, ಎಸೆದರು. ನಾಷ್ಟಾದ ಹೊತ್ತಿಗೂ ಅದೇ ಅಂಗೈ. ಹಸಿವೆಯಾಗಿರಬೇಕೆಂದು ಇಡ್ಲಿ ಇಟ್ಟರೆ ಅದೂ ಗೋಡೆಗೆ.

ಅಷ್ಟರಲ್ಲಿ ತೊಡೆಯ ಸಂದಿಯಲ್ಲಿ ಹುಣ್ಣಾಗಿ ಕೀವು ತುಂಬಿತು. ದಿನಾ ತೊಳೆಯಲಾಗದಿದ್ದರೆ ಬೆಳಗಾವಿಯ ಆಸ್ಪತ್ರೆಗೆ ಕಳಿಸಬೇಕು, ಅಲ್ಲಿ ಕೈ ಕಟ್ಟಿ ಡ್ರೆಸ್ಸಿಂಗ್ ಮಾಡಬೇಕಾದೀತು ಎಂದರು ಡಾಕ್ಟರ್. ಇನ್ನೊಂದು ದಿನ ಕೊಡಿ ಎಂದು ಕೇಳಿಕೊಂಡೆ.

ಮರುದಿನ ಸೆರಗು ಸರಿಸುವಾಗ ನೀಲವ್ವನ ಬಲಗೈ ಕೊರಳಿಂದ ಎದೆಯವರೆಗೆ ಏನನ್ನೋ ತಡಕಾಡಿತು, ಎಡಗೈ ಚಾಚಿತು. ಛೇ, ನನ್ನ ಅಜ್ಜಿ ದಿನಾ ಹೀಗೇ ಕೂರುತ್ತಿದ್ದಳಲ್ಲ. ಜಳಕವಾದ ಮೇಲೆ ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವವರೆಗೆ ತುತ್ತು ಮುಟ್ಟುತ್ತಿರಲಿಲ್ಲ. ನೀಲವ್ವನ ಕೊರಳು ಬರಿದಾಗಿತ್ತು.

ಮಗ ಶಿವಪ್ಪನಿಗೆ ಫೋನ್ ಮಾಡಿದೆ.

"ಲಿಂಗ ಇಡೂ ಕರಡಿಗಿ ಬೆಳ್ಳೀದೈತ್ರಿ, ಅಲ್ಲಿ ಕಳದೀತು ಅಂತ ಮನ್ಯಾಗ ಇಟ್ಟೇನಿ. ಅವ್ವಗ ನನ್ನ ಹೆಸರ ನೆನಪಿಲ್ಲ, ಲಿಂಗ ಎಲ್ಲಿ ನೆನಪಿರತೈತ್ರಿ?"

"ನೆನಪಿಲ್ದಿದ್ರ ದಿನಾ ಕೈ ಯಾಕ ಚಾಚತಾರ? ಇವತ್ತ ತರ್ರಿ," ಎಂದು ಗದರಿಸಿದೆ.

ಸಂಜೆಯೇ ತಂದ, ರಾತ್ರಿ ಅಲ್ಲೇ ಉಳಿದ. ಮರುದಿನ ನಾಷ್ಟಾಕ್ಕಿಂತ ಮೊದಲು, ಕೊರಳಿಗೆ ಲಿಂಗ ಕಟ್ಟಿಯೇ ಸ್ನಾನಕ್ಕೆ ಕೂರಿಸಿದೆವು. ಜಳಕ, ಪೂಜೆ, ಆಮೇಲೆ ನಾಷ್ಟಾ ಎಂದು ಹೇಳುತ್ತಾ ನೀರು ಹಾಕಿದೆ. ಬಲಗೈಯಲ್ಲಿ ಕರಡಿಗೆ ಹಿಡಿದುಕೊಂಡು ಕುಳಿತರು. ಹುಣ್ಣು ತೊಳೆಯುವಾಗ ನರಳಿದರೇ ಹೊರತು ಚಿವುಟಲಿಲ್ಲ. ಒಣ ಸೀರೆ ಉಡಿಸಿ, ವಿಭೂತಿ ಕೊಟ್ಟು, ಲಿಂಗ ಅಂಗೈಗಿಟ್ಟೆ. ಆ ಮುಖದಲ್ಲಿ ಅಷ್ಟು ಶಾಂತಿ ನಾನು ನೋಡಿರಲಿಲ್ಲ.

ಪೂಜೆ ಮುಗಿಸಿ, ಬಾಗಿಲಲ್ಲಿ ನಿಂತಿದ್ದ ಮಗನನ್ನು ಹತ್ತಿರ ಕರೆದು ಹಣೆಗೆ ವಿಭೂತಿ ಹಚ್ಚಿದರು.

"ಯಾರ ಮಗ ಅದಿ ನೀ? ಪೂಜಾ ಆತು, ಉಣ್ಣಾಕ ಕುಂಡ್ರು."

ಶಿವಪ್ಪ ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟ. ನನ್ನ ಕಣ್ಣೂ ತುಂಬಿತು.

ಹುಣ್ಣು ಮಾಯಿತು, ಬೆಳಗಾವಿಯ ಮಾತು ಮತ್ತೆ ಬರಲಿಲ್ಲ. ಅಂದಿನಿಂದ ಹೊಸಬರು ಯಾರೇ ಬರಲಿ, ಶುಗರ್, ಬಿ.ಪಿ.ಗಿಂತ ಮೊದಲು ಮನೆಯವರನ್ನು ಒಂದು ಮಾತು ಕೇಳುತ್ತೇನೆ: "ಜಳಕಾ ಆದಮ್ಯಾಲ ಇವರು ಮೊದಲ ಏನ್ ಮಾಡ್ತಿದ್ರು?"