ಏರಿಸುವ ರಕ್ತ, ಏರುವ ರಕ್ತ

ಹೋದ ವರ್ಷ ದಸರಾ ರಜೆಯಲ್ಲಿ ನನ್ನ ಬಲ ಮೊಣಕಾಲಿನ ಕೀಲು ಬದಲಾಯಿತು. ಹಳಿಯಾಳದ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನು ಬಿಸಿಯೂಟ ಮಾಡುವವಳು. ನಿಂತು ನಿಂತು ಮೊಣಕಾಲು ಸವೆದು, ಒಲೆಯ ಮುಂದೆ ನಿಲ್ಲುವುದೇ ಆಗದಂತಾಗಿತ್ತು. ಆದರೂ ಆಪರೇಷನ್ ಒಲ್ಲೆ ಎನ್ನುತ್ತಿದ್ದೆ. ಮಗಳು ಹುಟ್ಟುವಾಗ ರಕ್ತ ಏರಿಸಿದ್ದರು. ಆಗ ಮೈಯೆಲ್ಲ ಗಡಗಡ ನಡುಗಿ ಸತ್ತು ಬದುಕಿದ್ದೆ.

ಧಾರವಾಡದ ಡಾಕ್ಟರಿಗೆ ಮೊದಲೇ ಹೇಳಿದೆ, "ಸಾಹೇಬ್ರ, ರಕ್ತ ಏರಸೂದಿದ್ರ ನಾ ಈಗ ಎದ್ದು ಹೋಗ್ತೇನಿ."

ಅವರು ಸಿಟ್ಟಾಗಲಿಲ್ಲ. "ಏರಸೂದಲ್ರಿ ಅಕ್ಕಾರ. ನಿಮ್ಮ ರಕ್ತನ ಏರಬೇಕು. ಭಾಳ ಕಡಿಮಿ ಐತಿ," ಎಂದು ಕಬ್ಬಿಣಾಂಶದ ಗುಳಿಗೆ ಬರೆದರು. ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಗುಳಿಗೆ ನಿಲ್ಲಿಸಿದರು. ಅದರಿಂದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲವಂತೆ. ಆಪರೇಷನ್ ಹೊತ್ತಿಗೆ ರಕ್ತ ಹೋಗುವುದನ್ನು ಕಡಿಮೆ ಮಾಡುವ ಇಂಜೆಕ್ಷನ್ ಕೊಡುತ್ತೇವೆ ಎಂದರು. "ಆದ್ರ ಹೊರಗಿನ ರಕ್ತ ಬೇಕ ಆಗೂದಿಲ್ಲಂತ ಮಾತು ಕೊಡಾಕ ಬರೂದಿಲ್ರಿ. ಜೀವಕ್ಕ ಬಂದ್ರ ಏರಸಬೇಕಾಗ್ತೈತಿ."

ಹೂಂ ಎಂದೆ. ಆದರೆ ಹಾಗಾಗಲು ಬಿಡಬಾರದು ಎಂದು ಹಟ ಹಿಡಿದೆ. ಗುಳಿಗೆಯ ಜೊತೆ ಚಹಾ ಕುಡಿಯಬಾರದು ಎಂದಿದ್ದರು, ನಾನು ಚಹಾವನ್ನೇ ಬಿಟ್ಟೆ. ನಮ್ಮ ಕಡೆ ಅದು ಸಣ್ಣ ಮಾತಲ್ಲ. ರಜೆ ಬೀಳುವ ಹೊತ್ತಿಗೆ ರಕ್ತ ಏರಿತ್ತು.

ಮೊದಲ ಸಲ ತೋರಿಸಲು ಹೋದ ದಿನ ಡಾಕ್ಟರ ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರಿಗೆ ಮಾತ್ರ ಕೇಳಿಸಿದ್ದು ಅರ್ಧ. ಅರ್ಧ ಮಾತು ಹಿಡಿದು ಊರು ಸುತ್ತುವುದು ಅವರ ಹುಟ್ಟುಗುಣ. "ಆಕಿಗೆ ರಕ್ತ ಏರಸಬೇಕಂತ" ಎಂದು ಓಣಿಯಲ್ಲೆಲ್ಲ ಹೇಳಿಬಿಟ್ಟಿದ್ದರು.

ಆಪರೇಷನ್ ದಿನ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಒಂದು ಟೆಂಪೊ ಬಂದು ನಿಂತಿತು. ಪಕ್ಕದ ಮನೆಯ ಜುಜೆ ಸಿದ್ದಿ, ನನ್ನ ಜೊತೆ ಅಡುಗೆ ಮಾಡುವ ಫಾತಿಮಾ, ನನ್ನ ಕೈಯ ಅನ್ನ ಉಂಡು ಬೆಳೆದು ಈಗ ಮೀಸೆ ಬಂದಿರುವ ಹುಡುಗರು, ಎಲ್ಲರೂ ಇಳಿದರು. ಜುಜೆ ಆಗಲೇ ಅಂಗಿಯ ತೋಳು ಮಡಚಿದ್ದ.

"ಇವ್ರೆಲ್ಲ ನಿಮಗ ರಕ್ತಸಂಬಂಧಿಕರೇನ್ರಿ?" ಎಂದು ನರ್ಸಮ್ಮ ಕೇಳಿದಳು. ಮನೆಯವರನ್ನು ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು. ಆಕೆಗೆ ಉತ್ತರ ಕೊಡಲೂ ಆಗಲಿಲ್ಲ.

ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಆಪರೇಷನ್ ಕೋಣೆಯಲ್ಲಿ ಎಚ್ಚರವಾಗಿಯೇ ಇದ್ದೆ. ಪರದೆಯ ಆಚೆ ಕುಟ್ಟುವ ಸದ್ದು. "ರಕ್ತ ಭಾಳ ಹೋತೇನ್ರಿ?" ಎಂದೆ.

"ಸುಮ್ನ ಮಲಗ್ರಿ ಅಕ್ಕಾರ. ನಿಮ್ಮ ರಕ್ತನೂ ನಿಮ್ಮಂಗ ಹಟಮಾರಿ ಐತಿ, ಹೊರಗ ಬರವಲ್ದು," ಎಂದರು ಡಾಕ್ಟರು.

ಹೊರಗೆ ಬಂದು ಅವರು ರಕ್ತ ಬೇಕಾಗಲಿಲ್ಲ ಎಂದಾಗ ಜುಜೆಗೆ ಬೇಜಾರಾಯಿತಂತೆ. "ಅಲ್ರಿ, ಇಷ್ಟ ಮಂದಿ ಬಂದೇವಿ, ಸುಮ್ನ ಹೊಳ್ಳಿ ಹೋಗೂದೇನ್ರಿ?"

"ನಾ ಏರಬೇಕು ಅಂದಿದ್ದೆ, ಏರಸಬೇಕು ಅಂದಿಲ್ಲೋ ಮಾರಾಯಾ," ಎಂದು ಡಾಕ್ಟರು ನಕ್ಕರಂತೆ. ಆದರೂ ಬೇರೆ ಯಾರಿಗಾದರೂ ಆಗಲಿ ಎಂದು ಜುಜೆ ಮತ್ತು ಹುಡುಗರು ರಕ್ತ ಕೊಟ್ಟೇ ಊರಿಗೆ ಹೋದರು.

ಮನೆಗೆ ಬರುವವರೆಗೂ ನನಗೆ ಯಾರ ರಕ್ತವೂ ಬೇಕಾಗಲಿಲ್ಲ. ಈಗ ಸಾರಿನ ಪಾತ್ರೆಯ ಒಂದು ಕಿವಿ ಫಾತಿಮಾ ಹಿಡಿದರೆ ಇನ್ನೊಂದು ನಾನು ಹಿಡಿಯುತ್ತೇನೆ. ನನ್ನದೇ ರಕ್ತದ ಮೇಲೆ ಎದ್ದು ನಡೆದೆ ಎಂದು ಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇನೆ. ಆ ನರ್ಸಮ್ಮ ಸಿಕ್ಕರೆ ಆಕೆಗೂ ಒಂದು ಉತ್ತರ ಬಾಕಿ ಇದೆ: ಹೌದ್ರಿ, ಟೆಂಪೊ ತುಂಬ ಬಂದಿದ್ದವರೆಲ್ಲ ನನ್ನ ರಕ್ತಸಂಬಂಧಿಕರ.