ಮೂರನೇ ನಂಬರ್ ಟೋನರ್

ಗಲ್ಫಿನ ಅಲ್ ಗರಾಫಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಕೆಮಿಸ್ಟ್ರಿ ಟೀಚರ್ ಇದ್ದರು. ನನ್ನ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಮುಖದ ತುಂಬ ಎಣ್ಣೆ, ಮೊಡವೆ. "ಕ್ರೀಮೆಲ್ಲ ಬೇಡ ಮಾರಾಯ್ತಿ, ಎಣ್ಣೆ ತೆಗೆಯುವ, ನೀರಿನಷ್ಟು ತೆಳು ಟೋನರ್ ಮಾಡಿ ಕೊಡ್ತೇನೆ" ಎಂದು ಗುಲಾಬಿ ನೀರಿಗೆ ಏನೇನೋ ಬೆರೆಸಿದರು. "ಮೊದಲು ಟೆಸ್ಟ್, ಮತ್ತೆ ಮಾತು" ಎಂಬುದು ಅವರ ಬಾಯಿಪಾಠ. ಟೆಸ್ಟಿಗೆ ಸಿಕ್ಕಿದ್ದು ಅವರ ಗಂಡನ ಬೋಳುತಲೆ. ಅದರಲ್ಲೂ ನನ್ನ ಮುಖದಷ್ಟೇ ಎಣ್ಣೆ. ಅದರ ಮೇಲೆ ಪೆನ್ನಿನಲ್ಲಿ ನಾಲ್ಕು ಚೌಕ ಬರೆದು, ನಂಬರ್ ಹಾಕಿ, ನಾಲ್ಕು ಬಗೆಯ ಟೋನರ್ ಹಚ್ಚಿದರು.

ಅಲ್ಲಿನ ರಜಾದಿನ ಶುಕ್ರವಾರ, ಚರ್ಚಿನಲ್ಲಿ ಅವರ ಗಂಡ ಟೊಪ್ಪಿ ತೆಗೆದು ತಲೆ ಬಾಗಿಸಿದರು. ಹಿಂದೆ ಕೂತಿದ್ದ ನಾನು ಪಕ್ಕದಲ್ಲಿದ್ದ ಟೀಚರ್ ಕಿವಿಯಲ್ಲಿ, "ಮೂರನೇದು ಹೊಳೀತಾ ಇಲ್ಲ!" ಎಂದೆ. ಅವರು ಬಗ್ಗಿ ನೋಡಿ, "ಯಲ್ಲಾ, ನಡಿ! ಮೂರನೇದು ಪಾಸ್!" ಎಂದು ಕೂಗಿಯೇ ಬಿಟ್ಟರು. ಇಡೀ ಚರ್ಚ್ ತಿರುಗಿ ನೋಡಿತು. ಗಂಡ ಮಾತ್ರ ಏನೂ ತಿಳಿಯದೆ ಇನ್ನಷ್ಟು ಭಕ್ತಿಯಿಂದ ತಲೆ ತಗ್ಗಿಸಿದರು.