ಗುಡ್ಡದ ಮ್ಯಾಲ ಕರದ ಹೆಸರು

ನಾನು ಗಜೇಂದ್ರಗಡಕ್ಕ ಸೊಸಿಯಾಗಿ ಬಂದಾಗ ನಾವಿನ್ನೂ ಮುಂಬೈ ಸರಕಾರದಾಗ ಇದ್ವಿ. ಊರಿಗೆ ಬಗೀಚ ಅಂತ ಒಂದು ಇರಲಿಲ್ಲ, ಅಡ್ಡಾಡಬೇಕಂದ್ರ ಗುಡ್ಡ ಇತ್ತು. ನಮ್ಮದು ನೇಕಾರರ ಮನಿ. ಅಮಾಸಿ ದಿನ ಮಗ್ಗ ಮುಟ್ಟಂಗಿಲ್ಲ. ದಿನಾ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂದರೋ ನಮ್ಮ ಯಜಮಾನ್ರು ಅವತ್ತೊಂದಿನ ಕಣ್ಣಿ ಬಿಚ್ಚಿದ ಕರುವಿನಂಗ ಗುಡ್ಡ ಏರತಿದ್ರು. ಗುಡ್ಡದ ದೇವರಿಗೆ ಕಾಯಿ ಒಡಿಸ್ಕೊಂಡು ಬರತೀವಿ ಅಂತ ಅತ್ತಿಗೆ ಹೇಳಿ ನನ್ನೂ ಕರಕೊಂಡು ಹೋಗತಿದ್ರು. ಕಾಯಿ ಒಡಸಾಕ ಎಷ್ಟೊತ್ತು ಬೇಕು? ಉಳಿದ ಹೊತ್ತೆಲ್ಲಾ ನಮ್ಮದು ತಿರುಗಾಟ. ಅತ್ತಿಗೆ ಇದು ಗೊತ್ತಿರಲಿಲ್ಲ ಅಂತ ನಾನೇನು ತಿಳಕೊಂಡಿಲ್ಲ.

ಗುಡ್ಡದಾಗ ಅವರು ತುಳೀದ ದಾರಿ ಇರಲಿಲ್ಲ. ಆಡಿನ ದಾರಿ, ಕಟಗಿ ಹೊರವರ ದಾರಿ, ಮಳಿನೀರು ತಾನ ಕೊರಕೊಂಡ ದಾರಿ. ಎಲ್ಲಿ ಕವಳಿಹಣ್ಣು ಮೊದಲು ಕರ್ರಗ ಆಗತಾವ, ಯಾವ ಕಲ್ಲಿನ ಸಂದ್ಯಾಗ ಉಡ ಐತಿ, ಎಲ್ಲಾ ತೋರಸತಿದ್ರು. ಮನ್ಯಾಗ ತುಟಿ ಪಿಟಕ್ ಅನ್ನದ ಮನಷ್ಯಾ, ಅಲ್ಲಿ ಬಾಯಿಗೆ ಬಿಡುವು ಕೊಡತಿರಲಿಲ್ಲ. ಒಂದು ಮಾತು ಮಾತ್ರ ಪ್ರತಿಸಲ ಹೇಳತಿದ್ರು. ಹೊತ್ತು ಮುಳುಗೂ ಮುಂದ ಗುಡ್ಡದಾಗ ಹೆಸರು ಹಿಡದು ಕರದ್ರ ಅವರು ಮನಷ್ಯಾರು. ಬರೇ ‘ಏ’ ಅಂತನೋ ‘ರೀ’ ಅಂತನೋ ಕರದ್ರ ಅದು ಬ್ಯಾರೆ, ಅದಕ್ಕ ಓಗೊಟ್ಟವ ಹೊಳ್ಳಿ ಬರಂಗಿಲ್ಲ. ನಾನು ನಗತಿದ್ನಿ. ನಕ್ಕರೂ ಒಂದ್ಸಲ ಹಿಂದ ನೋಡತಿದ್ನಿ.

ಸೀತಾಫಲದ ದಿನಗಳು. ಆ ಅಮಾಸಿ ದಿನ ಗುಡ್ಡದ ಮ್ಯಾಲ ಒಂದು ಎಲಿ ಅಲುಗಾಡತಿರಲಿಲ್ಲ. ಹಕ್ಕಿ ಸುದ್ದಿನೂ ಇಲ್ಲ. ಆಡು ಕಾಯೋ ಮುದುಕಿಯೊಬ್ಬಾಕಿ ಬಿಸಲಿದ್ದಾಗನ ಆಡು ಇಳಿಸಿಕೊಂಡು ಹೊಂಟಿದ್ಲು. ತ್ವಾಳ ಬಂದಾವ, ನಿನ್ನೆ ಒಂದು ಮರಿ ಹೊತ್ಕೊಂಡು ಹೋದ್ವು, ಲಗೂ ಇಳೀರಿ ಅಂತ ಹೇಳಿದ್ಲು. ಇಳಿಯೋಣಂತ ಅಂದ್ನಿ, ಆದ್ರ ಅಷ್ಟರಾಗ ನನ್ನ ಕಣ್ಣಿಗೆ ಕೆಳಗೊಂದು ಸೀತಾಫಲದ ಗಿಡ ಬಿತ್ತು. ಹಣ್ಣು ಚಲೋ ಕಣ್ಣು ಬಿಟ್ಟು ಮಾಗಾಕ ಬಂದಿದ್ವು. ನಾನು ಬಾಯಿ ಬಿಟ್ಟು ಕೇಳಲಿಲ್ಲ, ನೋಡಿದ್ನಿ ಅಷ್ಟ. ನೀ ಇಲ್ಲೇ ಕುಂದರು ಅಂತ ಹೇಳಿ ಅವರು ಮಳಿನೀರಿನ ದಾರಿ ಹಿಡದು ಇಳದ್ರು.

ಹೋದವರು ಬರಲಿಲ್ಲ. ಮೊದಲು ನನಗ ಸಿಟ್ಟು ಬಂತು. ಯಾವುದೋ ಗಿಡದ ಜೋಡಿ ಮಾತಾಡಕೋತ ಕುಂತಿರಬೇಕು ಇವರು ಅಂತ. ಬಿಸಲು ಕೆಂಪಾತು, ಆಮ್ಯಾಲ ಬೂದಿ ಬಣ್ಣ ಆತು. ಎದ್ದು ನಿಂತು ‘ರೀ’ ಅಂತ ಕರದ್ನಿ. ದನಿ ಎದುರಿನ ಬಂಡಿಗಲ್ಲಿಗೆ ಬಡದು ನನ್ನ ಬೆನ್ನ ಹಿಂದಿನಿಂದ ಬಂತು, ನನ್ನ ದನಿ ಅನಸಲಿಲ್ಲ. ಮತ್ತೊಮ್ಮೆ ಕರದ್ನಿ. ಕೆಳಗ ಒಂದು ಸಣ್ಣ ಕಲ್ಲು ಉರುಳಿತು, ಆಮ್ಯಾಲ ಏನೂ ಇಲ್ಲ. ಹುಲ್ಲಿನ ಆಚಿಗೆ ನಾಯಿಯಂಥಾ ಒಂದು ಪ್ರಾಣಿ ನಿಂತಿತ್ತು. ನಾಯಿ ಆಗಿದ್ರ ಬೊಗಳತಿತ್ತು.

ಅವರು ಹೇಳಿದ ಮಾತು ಆಗ ನೆನಪಾತು. ಎಲ್ಲೋ ಬಿದ್ದು, ನನ್ನ ‘ರೀ’ ಕೇಳಿನ ಬಾಯಿ ಮುಚ್ಚಿಕೊಂಡಿದ್ರ?

ಆದ್ರ ಗಂಡನ ಹೆಸರು ಹ್ಯಾಂಗ ಹಿಡದು ಕರೀಲಿ? ಬರೇ ಹೆಸರು ಅಂದ್ರ ಗಂಡನ ಆಯುಷ್ಯ ತಿಂದಂಗ ಅಂತ ತವರಮನ್ಯಾಗ ಹೇಳಿ ಬೆಳಿಸಿದ್ರು. ಅನ್ನಬೇಕಂದ್ರ ಒಡಪಿನ್ಯಾಗ ಕೂಡಿಸಿ ಅನ್ನಬೇಕು. ಮದುವ್ಯಾಗ ನಾದಿನ್ಯಾರು ಹೆಸರು ಹೇಳಂತ ಬಾಗಲಾ ಅಡ್ಡ ಕಟ್ಟಿದಾಗ ನಾನು ಗತ್ತಿನಿಂದ ಅಂದಿದ್ನಿ: “ಕೆಂಪು ಸೀರಿಗೆ ಹಸರ ದಡಿ, ಇಂಥವರು ನಿಂತಲ್ಲೇ ನನ್ನ ಗುಡಿ.” ಆ ‘ಇಂಥವರು’ ಇದ್ದಲ್ಲಿ ಅವರ ಹೆಸರು. ಗುಡ್ಡದ ಮ್ಯಾಲ ‘ಕೆಂಪು ಸೀರಿಗೆ’ ಅಂತ ಒದರಿದ್ನಿ ನೋಡ್ರಿ, ಮುಂದಿಂದು ಮರತುಹೋತು. ಕಣ್ಣು ಮುಚ್ಚಿ ಬರೇ ಹೆಸರು ಹಿಡದು ಕರದ್ನಿ. ಒಂದ್ಸಲ ಅಂದ ಮ್ಯಾಲ ಬಾಯಿ ನಿಲ್ಲಲಿಲ್ಲ.

ಕೆಳಗಿನಿಂದ ‘ಓ’ ಬಂತು.

ಎರಡು ಕಲ್ಲಿನ ನಡುವ ಕಾಲು ಸಿಕ್ಕಿತ್ತು, ಮೀನಖಂಡದ ಚರ್ಮ ಹರದು ಜೋತಿತ್ತು. ದನಿ ಹೊರಗ ಬರಬಾರದಂತ ಧೋತರದ ಚುಂಗು ಬಾಯಾಗ ತುರುಕಿಕೊಂಡು ಬಿದ್ದಿದ್ರು. ಮೊದಲು ‘ರೀ’ ಅಂತ ಕರದಾಕಿ ನೀನ ಏನು ಅಂತ ಕೇಳಿದ್ರು, ಮಾರಿ ಬಿಳಚಿತ್ತು. ಇಬ್ಬರೂ ಕೂಡಿ ಕಲ್ಲು ಸರಿಸಿದ್ವಿ. ಅವರ ತೋಳು ಹೆಗಲಿಗೆ ಹಾಕ್ಕೊಂಡು ಇಳದ್ವಿ. ಊರ ದೀಪ ಕಾಣೂತನಕ ತ್ವಾಳ ನಮ್ಮ ಹಿಂದಿಂದನ ಬಂದ್ವು.

ಗಾಯ ಬಾತು ಜ್ವರ ಏರಿತು. ದವಾಖಾನಿಯ ಮುಲಾಮು ಹಚ್ಚಿದ್ರೂ ಇಳೀಲಿಲ್ಲ. ಹ್ಯಾಂಗ ಸಿಕ್ಕ ಅಂತ ಅತ್ತಿ ಕೇಳಿದ್ರು. ನಾನು ಸುಳ್ಳು ಹೇಳಲಿಲ್ಲ, ಬರೇ ಹೆಸರು ಹಿಡದು ಕರದೆ ಅಂದ್ನಿ. ಅವರು ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಅವತ್ತಿಂದ ನನ್ನ ಜೋಡಿ ಮಾತು ಬಿಟ್ರು. ಅವರಿಗೆ ಇರೋದು ಒಬ್ಬನ ಮಗ, ಅವನ ಆಯುಷ್ಯ ನಾನು ಗುಡ್ಡದ ಮ್ಯಾಲ ಚೆಲ್ಲಿ ಬಂದೆ ಅಂತ ಅವರು ತಿಳದಿರಬೇಕು. ಖರೇ ಹೇಳಬೇಕಂದ್ರ ನಾನೂ ಹಂಗ ತಿಳದಿದ್ನಿ. ಹಾಸಿಗಿ ಕಡೆ ನೋಡಾಕ ಹೆದರಿಕಿ ಆಗತಿತ್ತು.

ಒಂದು ಮುಂಜಾನೆ ನಮ್ಮ ಯಜಮಾನ್ರು ಕಣ್ಣು ತೆರೀಲಿಲ್ಲ. ‘ರೀ’ ಅಂದ್ನಿ, ‘ಏನ್ರಿ’ ಅಂದ್ನಿ. ಉಸರು ಒಂದು ಬಂದ್ರ ಇನ್ನೊಂದಕ್ಕ ಕಾಯಬೇಕಾಗಿತ್ತು. ಅತ್ತಿ ಮುಂದ ಕುಂತಾರ, ಹೆಂಗರ ಮಾಡಿ ಒಡಪು ಹೇಳಿ ತಪ್ಪು ತಿದ್ದಕೋಬೇಕಂತ ‘ಕೆಂಪು ಸೀರಿಗೆ ಹಸರ ದಡಿ’ ಅಂತ ಶುರುಮಾಡಿದ್ನಿ. ಅತ್ತಿ ನನ್ನ ರಟ್ಟಿ ಹಿಡದ್ರು.

“ಒಡಪು ಬಿಡವಾ, ಹೆಸರು ಹಿಡದು ಕರಿ. ನಿಮ್ಮ ಮಾವ ಹೋಗೂ ಮುಂದ ನಾ ‘ರೀ, ರೀ’ ಅಂತನ ಕುಂತಿದ್ನಿ.”

ಅವರು ಓ ಅನ್ನೂತನಕ ಕರದ್ನಿ.